ಎದ್ದು ಹೋದವನಿಗೆ ಮತ್ತೆ ಜಾಗ ಕೊಡುವ ಕಲೆ

ಪ್ರಿಯ ದೋಸ್ತ,

ನನ್ನ ವಾಯ್ಸ್ ಮೆಸೇಜುಗಳನ್ನು ನೀನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತೀ ಅಂತ ಗೊತ್ತಾದ ಮೇಲೆ, ಈ ವಿಷಯವನ್ನು ಬರೆದೇ ತಿಳಿಸುವುದು ಒಳ್ಳೆಯದು ಅನ್ನಿಸಿತು. ಪತ್ರವನ್ನು ಓಡಿಸುವ ಬಟನ್ ಇನ್ನೂ ಬಂದಿಲ್ಲ.

ನಿನ್ನ ಬೇಸರ ಅರ್ಥವಾಗುತ್ತದೆ. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ನೋಡುವವ ಕೈತಪ್ಪಿದ ಅನ್ನುವ ಲೆಕ್ಕದಲ್ಲಿ ದಿನವಿಡೀ ಕೂತು ವಿಡಿಯೋ ಕತ್ತರಿಸುವುದು ಸಣ್ಣ ಶಿಕ್ಷೆಯಲ್ಲ. ಅದಕ್ಕೇ ಇಳಕಲ್ಲಿನ ಒಂದು ಮಗ್ಗದ ಮುಂದೆ ಕ್ಯಾಮೆರಾ ಇಟ್ಟು, ಅಲುಗಿಸದೆ, ಒಂದೂ ಕಟ್ ಇಲ್ಲದೆ, ಒಂದು ತಾಸಿನ ಸಿನಿಮಾ ಮಾಡುತ್ತೇನೆ ಅಂದಿ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. "ಮಂದಿ ಸ್ವಲ್ಪ ಕೂಡೂದು ಕಲೀಲಿ" ಅಂದಿ ನೋಡು, ಆ ಮಾತಿನ ಮೇಲೆ ನನಗೆ ಜಗಳ ಐತಿ. ನಿನಗಾದ ಶಿಕ್ಷೆಯನ್ನು ನೋಡುವವನ ತಲೆಗೆ ಕಟ್ಟುವುದು ಯಾವ ನ್ಯಾಯ?

ಗ್ಯಾಲರಿಗಳಲ್ಲಿ ಈ ಹಟ ಹೊಸದೇನಲ್ಲ. 1993ರಲ್ಲಿ ಸ್ಕಾಟ್ಲೆಂಡಿನ ಡಗ್ಲಸ್ ಗಾರ್ಡನ್ ಅನ್ನುವ ಕಲಾವಿದ ಹಿಚ್‌ಕಾಕನ 'ಸೈಕೋ' ಸಿನಿಮಾವನ್ನು 24 ತಾಸಿಗೆ ಹಿಗ್ಗಿಸಿ ತೋರಿಸಿದ. ಸೆಕೆಂಡಿಗೆ 24 ಫ್ರೇಮು ಓಡುವ ಕಡೆ ಸುಮಾರು ಎರಡು. ನಾನು ಇಷ್ಟು ಬರೆದೆ, ನೀನು ಓದಿದಿ, ಬಹಳ ಜನರ ಪಾಲಿಗೆ ಆ ಕೃತಿ ಇಲ್ಲಿಗೇ ಮುಗಿಯಿತು. ಒಂದು ದಿನ ಪೂರ್ತಿ ನಡೆಯುವ ಸಿನಿಮಾ ಹತ್ತು ಸೆಕೆಂಡಿನಲ್ಲಿ ತಲೆಯೊಳಗೆ ಇಳಿದುಬಿಡುತ್ತದೆ, ರೀಲಿಗಿಂತ ಬೇಗ! ಕೆಲವು ನಿಧಾನಗಳು ಹೀಗೆ, ಕೇಳಿದರೆ ಸಾಕು, ಕೂತು ನೋಡುವ ಗರಜೇ ಬೀಳುವುದಿಲ್ಲ.

ಜರ್ಮನಿಯ ಹಾಲ್ಬರ್‌ಷ್ಟಾಟ್ ಊರಿನ ಹಳೆಯ ಚರ್ಚಿನಲ್ಲಿ ನುಡಿಯುತ್ತಿರುವ ಆರ್ಗನ್ ವಾದ್ಯ ಅಂಥದ್ದಲ್ಲ ಅನ್ನಿಸುತ್ತದೆ. ಜಾನ್ ಕೇಜ್ ಬರೆದ ಆ ಸಂಗೀತ 2001ರಲ್ಲಿ ಶುರುವಾಗಿದೆ, ಮುಗಿಯಬೇಕಾದದ್ದು 2640ರಲ್ಲಿ. 2013ರ ಅಕ್ಟೋಬರಿನಲ್ಲಿ ಹಿಡಿದ ಸ್ವರಗಳು ಬದಲಾದದ್ದು 2020ರ ಸೆಪ್ಟೆಂಬರಿನಲ್ಲಿ. ಸ್ವರ ಬದಲಾಗುವ ದಿನ ಜನ ಬಂದು ಸೇರುತ್ತಾರೆ, ಕೇಳುತ್ತಾರೆ, ಮನೆಗೆ ಹೋಗುತ್ತಾರೆ. ಪೂರ್ತಿ ಕೇಳಿ ಎಂದು ಯಾರಿಗೆ ಗಂಟುಬೀಳಲು ಬರುತ್ತದೆ? 639 ವರ್ಷ ಯಾರ ಕೈಯಲ್ಲೂ ಇಲ್ಲ.

ಇನ್ನೊಂದು ನಿನ್ನ ಕಸುಬಿಗೇ ಸೇರಿದ್ದು. ಕ್ರಿಶ್ಚಿಯನ್ ಮಾರ್ಕ್ಲೇ ಅನ್ನುವ ಕಲಾವಿದ 2010ರಲ್ಲಿ 'ದಿ ಕ್ಲಾಕ್' ಮಾಡಿದ. ಹಳೆಯ ಹೊಸ ಸಿನಿಮಾಗಳಿಂದ ಆರಿಸಿದ ಸಾವಿರಾರು ತುಣುಕು, ಒಂದರಲ್ಲಿ ಗೋಡೆಯ ಗಡಿಯಾರ, ಇನ್ನೊಂದರಲ್ಲಿ ಯಾರೋ ವೇಳೆ ಕೇಳುವ ಮಾತು. ಎಲ್ಲ ಜೋಡಿಸಿದರೆ 24 ತಾಸು, ಮತ್ತು ಪರದೆಯ ಮೇಲಿನ ವೇಳೆಯೂ ನಿನ್ನ ಕೈಗಡಿಯಾರದ ವೇಳೆಯೂ ಒಂದೇ. ಬರೀ ಕಟ್, ಕಟ್, ಕಟ್. ಆದರೂ ಜನ ಸೋಫಾದ ಮೇಲೆ ತಾಸುಗಟ್ಟಲೆ ಕೂಡುತ್ತಾರೆ, ಹೊಟ್ಟೆ ಹಸಿದಾಗ ಎದ್ದು ಹೋಗುತ್ತಾರೆ, ಮತ್ತೆ ಬರುತ್ತಾರೆ. ಕಟ್ಟಿನ ಮೇಲೆ ನೀನು ಹೊತ್ತಿರುವ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿದೆ ಅಂತ ಇದಕ್ಕೇ ಹೇಳುತ್ತೇನೆ.

ಎದ್ದು ಹೋಗಿ ಮತ್ತೆ ಬರುವುದು ಅಂದೆನಲ್ಲ, ನಾನು ಹೇಳಬೇಕಾದದ್ದೆಲ್ಲ ಅದರಲ್ಲೇ ಇದೆ.

ಶ್ರೀಕೃಷ್ಣ ಪಾರಿಜಾತವನ್ನೇ ತಗೋ. ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನ ಹೆಸರಿನ ಜೊತೆ ಬೆಳೆದ ಆಟ, ಕೌಜಲಗಿ ನಿಂಗಮ್ಮ ಊರೂರಿಗೆ ಮುಟ್ಟಿಸಿದ ಆಟ. ನಾರದ ಒಂದು ಹೂ ತರುತ್ತಾನೆ, ಅದು ರುಕ್ಮಿಣಿಗೆ ಸಿಗುತ್ತದೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. ಕತೆ ಇಷ್ಟೇ, ನಡೆಯುವುದು ರಾತ್ರಿಯೆಲ್ಲ. ನಮ್ಮ ಹಿರಿಯರಿಗೆ ಎಷ್ಟು ತಾಳ್ಮೆ ಇತ್ತು ಅಂತ ಈಗ ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ನಾನು ನಮ್ಮ ಆಯಿಯ ಮಗ್ಗುಲಲ್ಲಿ ಕೌದಿ ಹೊದ್ದು ಕೂತು ನೋಡಿದವ, ನನಗೆ ಬೇರೆಯೇ ಕಂಡಿದೆ. ಆಯಿ ನಾರದನ ಮಾತು ಮುಗಿಯುವ ಮೊದಲೇ ತೂಕಡಿಸುತ್ತಿದ್ದಳು. ನಡುವೆ ಎದ್ದು ಎಲೆ ಅಡಿಕೆ ಹಾಕಿಕೊಂಡು ಆಚೆ ಓಣಿಯ ಹೆಂಗಸರ ಜೊತೆ ಮಗಳ ಮದುವೆಯ ಮಾತು ಆಡುತ್ತಿದ್ದಳು. ಗಂಡಸರು ಚಾದಂಗಡಿಗೆ ಹೋಗಿ ಬರುತ್ತಿದ್ದರು. ಆಟ ನಡೆಯುತ್ತಿರುವಾಗಲೇ ಬಕ್ಷೀಸು ಕೊಟ್ಟವರ ಹೆಸರನ್ನು ಕೂಗುತ್ತಿದ್ದರು, ಕೃಷ್ಣ ಅಷ್ಟು ಹೊತ್ತು ಕಿರೀಟ ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದ. ಆದರೆ ಸತ್ಯಭಾಮೆ ಬಂದು ದನಿ ತೆಗೆದಳೋ, ಆಯಿ ಎಚ್ಚರ! ಸೆರಗು ಸರಿಮಾಡಿಕೊಂಡು, "ಈಗ ನೋಡು ಇಕೀ ಹೆಂಗ ಬೈತಾಳ" ಅಂತ ನನ್ನನ್ನೂ ಅಲುಗಿಸಿ ಎಬ್ಬಿಸುತ್ತಿದ್ದಳು.

ಅವಳದು ಮುರಿಯದ ಏಕಾಗ್ರತೆಯಲ್ಲ. ಆಟಕ್ಕೂ ಅದು ಬೇಕಿರಲಿಲ್ಲ. ಹಾಡಿದ ಸಾಲನ್ನು ಹಿಮ್ಮೇಳದವರು ಎತ್ತಿಕೊಂಡು ಮತ್ತೆ ಹಾಡುತ್ತಾರೆ, ಹಾಡಿನಲ್ಲಿ ಬಂದದ್ದು ಮಾತಿನಲ್ಲಿ ಇನ್ನೊಮ್ಮೆ ಬರುತ್ತದೆ. ನಿದ್ದೆ ಹೋದವರು ಎದ್ದಾಗ ಸೇರಿಕೊಳ್ಳಲಿ ಎಂದು ಬಿಟ್ಟ ಜಾಗ ಅದು. ಹಿಂದುಸ್ತಾನಿ ಸಂಗೀತದ ಖಯಾಲಿನಲ್ಲಿ ಆ ಕೆಲಸವನ್ನು ಸಮ್, ಅಂದರೆ ತಾಳದ ಸುತ್ತಿನ ಮೊದಲ ಮಾತ್ರೆ, ಮಾಡುತ್ತದೆ. ನಿಧಾನವಾಗಿ ನಡೆಯುವ ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ ಒಂದು ಸುತ್ತು ಬರಲು ಒಂದು ನಿಮಿಷದ ಹತ್ತಿರ ಹಿಡಿಯುವುದುಂಟು. ಅಷ್ಟರಲ್ಲಿ ನನ್ನ ತಲೆ ಸೊಸೈಟಿಯ ಸಾಲದ ಕಂತಿನವರೆಗೂ ಹೋಗಿ ಬಂದಿರುತ್ತದೆ. ಗಾಯಕರು ಹಾಡಿನ ಮೊದಲ ತುಣುಕಾದ ಮುಖಡಾ ಹಿಡಿದು ಸಮ್‌ಗೆ ಬಂದಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ಆಡುತ್ತವಲ್ಲ, ಅದರಲ್ಲಿ ನನ್ನದೂ ಒಂದು.

ಹಾಗಾದರೆ ಸಣ್ಣದೆಲ್ಲ ಕೆಟ್ಟದ್ದೇ? 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಸ್ವಲ್ಪ ಹೆಚ್ಚು ಕಡಿಮೆ. ಅಷ್ಟರಲ್ಲಿ ಅಬ್ದುಲ್ ಕರೀಂ ಖಾನರು ಹಾಡಿದ ಠುಮರಿಯನ್ನು ಕೇಳಿ ಗದಗಿನ ಒಬ್ಬ ಹುಡುಗನ ತಲೆ ಕೆಟ್ಟಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಭೀಮಸೇನ ಜೋಶಿಯವರನ್ನು ನಮಗೆ ಕೊಟ್ಟದ್ದರಲ್ಲಿ ಒಂದು ಮೂರು ನಿಮಿಷದ ತಟ್ಟೆಯ ಪಾಲೂ ಇದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಕ್ಷಯದಿಂದ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ವರ್ಷಗಟ್ಟಲೆ ಹಾಡಲಾಗಲಿಲ್ಲ. ಎದ್ದು ಬಂದ ಮೇಲೆ ಸಣ್ಣ ಸಣ್ಣ ತುಣುಕಾಗಿ, ನಡುವೆ ನಿಂತು ನಿಂತು ಹಾಡಿದರು. ಯಾರಾದರೂ ಅವರಿಗೆ ಉಸಿರು ಸಾಲದು ಅಂದರೆ ಆ ಮನುಷ್ಯನ ಜೊತೆ ನಾನು ಚಾ ಕುಡಿಯುವುದಿಲ್ಲ.

ರೀಲನ್ನೂ ನಾನು ಬೈಯುವುದಿಲ್ಲ. ಮೊಹರಮ್ಮಿನ ರಿವಾಯತ ಪದಗಳು ನಮ್ಮ ಜಿಲ್ಲೆ ದಾಟಿ ಎಷ್ಟೋ ಕಿವಿಗಳಿಗೆ ಮುಟ್ಟಿದ್ದು ಅಂಥ ತುಣುಕುಗಳಿಂದಲೇ. ನನಗೆ ಕಸಿವಿಸಿ ಆಗುವುದು ಬೇರೆ ಕಡೆ. ಮೊನ್ನೆ ಒಬ್ಬ ಮುದುಕ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ, ಅರ್ಧಕ್ಕೆ ಮನೆಯಿಂದ ಫೋನ್ ಬಂತು. ಮಾತು ಮುಗಿಸಿ ಮತ್ತೆ ತೆರೆದರೆ ಮುದುಕ ಇಲ್ಲ. ಅವನ ಜಾಗದಲ್ಲಿ ಮಿಕ್ಸರ್ ಮಾರುವವಳು ಬಂದಿದ್ದಳು. ಎಷ್ಟು ತಡಕಾಡಿದರೂ ಸಿಗಲಿಲ್ಲ. ನಾನು ಕಣ್ಣು ತೆಗೆದದ್ದಕ್ಕೆ ದಂಡ ಹಾಕುವ ವ್ಯವಸ್ಥೆ ಅದು. ಕಣ್ಣು ತೆಗೆದರೆ ಹೋಯಿತು ಅನ್ನುವ ಆ ಹೆದರಿಕೆಯೇ ನಮ್ಮನ್ನು ಅಲ್ಲಿ ಕೂರಿಸಿದೆ. ಅದನ್ನು ಗಮನ ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀನು ಮಾಡಹೊರಟ ಕಟ್ಟಿಲ್ಲದ ಒಂದು ತಾಸಿನಲ್ಲೂ ಅದೇ ಗದರಿಕೆ ಇದೆ: ಅಲುಗಬೇಡ, ಅತ್ತ ನೋಡಬೇಡ.

ಮಗ್ಗದ ಮೇಲೆ ಕೂತವರು ಹಾಗೆ ಕೂಡುವುದಿಲ್ಲ ಅನ್ನುವುದನ್ನು ನೀನೇ ಹೋಗಿ ನೋಡು. ಸೀರೆಯ ಒಡಲು ನೇಯುವಾಗ ಲಾಳಿ ತನ್ನಷ್ಟಕ್ಕೆ ಓಡುತ್ತಿರುತ್ತದೆ, ನೇಕಾರ ಹಾಡು ಕೇಳುತ್ತಾನೆ, ಬಾಗಿಲಿಗೆ ಬಂದವರ ಜೊತೆ ಮಳೆಯ ಮಾತಾಡುತ್ತಾನೆ. ಸೆರಗಿಗೆ ಕೊಂಡಿ ಹಾಕುವ ಕೆಲಸ ಬಂದಾಗ ಮಾತು ನಿಲ್ಲುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಮಾಡಿ ಸಿಕ್ಕಿಸಿ ಒಂದು ಮಾಡಬೇಕು, ಅದೂ ಪ್ರತಿ ಸೀರೆಗೆ. ನೀನು ಒಂದು ತಾಸು ಸುಮ್ಮನೆ ಇಟ್ಟ ಕ್ಯಾಮೆರಾದಲ್ಲಿ ಇದು ಬರುತ್ತದೋ ಇಲ್ಲವೋ ಅದೃಷ್ಟದ ಮಾತು. ನಾನಾದರೆ ಒಡಲನ್ನು ಬೇಕಾದಷ್ಟು ಕತ್ತರಿಸಿ, ಕೊಂಡಿಗೆ ಬಂದಾಗ ಕತ್ತರಿ ಕೆಳಗಿಡುತ್ತೇನೆ.

ಇನ್ನೊಂದು. ಅಲುಗದ ಕ್ಯಾಮೆರಾವನ್ನು ಮಗ್ಗದ ಎದುರಿಗಿಟ್ಟರೆ ಅದರಲ್ಲಿ ಕಾಣುವವ ಲಾಳಿ ಹೊಡೆಯುವ ಗಂಡಸು ಒಬ್ಬನೇ. ಒಳಗೆ ಪಡಸಾಲೆಯಲ್ಲಿ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಣ್ಣುಮಗಳು ಚೌಕಟ್ಟಿನ ಹೊರಗೇ ಉಳಿಯುತ್ತಾಳೆ. ಹೋದ ಕೂಡಲೇ ಟ್ರೈಪಾಡ್ ಬಿಚ್ಚಬೇಡ, ಮೊದಲು ಆಕೆಯನ್ನು ಮಾತಾಡಿಸು. ಸೋಮವಾರ ನನಗೆ ರಜೆ ಇದೆ, ಬೇಕಾದರೆ ಹುನಗುಂದದವರೆಗೆ ಬಂದು ನಿನ್ನನ್ನು ಕೂಡಿಕೊಳ್ಳುತ್ತೇನೆ. ಬಸ್ಸು ಹತ್ತುವ ಮುಂದೆ ಫೋನ್ ಮಾಡು.

ನಿನ್ನ ದೋಸ್ತ
ವಿಜಯಪುರ