ಕಲೆ ಮತ್ತು ಯಂತ್ರ: ಕೊಟ್ಟವರ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಚಿತ್ರ, ಸಂಗೀತ, ಬರಹಗಳನ್ನು ಕ್ಷಣಮಾತ್ರದಲ್ಲಿ ತಯಾರಿಸಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ಬಗ್ಗೆ ಎಲ್ಲೆಡೆ ನಡೆಯುತ್ತಿರುವ ಚರ್ಚೆಯಲ್ಲಿ ಒಂದು ವಾದ ಪದೇ ಪದೇ ಕೇಳಿಬರುತ್ತಿದೆ. ಕ್ಯಾಮೆರಾ ಬಂದಾಗಲೂ ಚಿತ್ರಕಾರರು ಹೀಗೆಯೇ ಹೆದರಿದ್ದರು, ಆದರೂ ಚಿತ್ರಕಲೆ ಉಳಿಯಿತು, ಬೆಳೆಯಿತು. ಆದ್ದರಿಂದ ಈಗಿನ ಆತಂಕಕ್ಕೂ ಆಧಾರವಿಲ್ಲ ಎಂಬುದು ಆ ವಾದದ ತಿರುಳು. ಈ ಹೋಲಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಓದುಗರ ಮುಂದಿಡಲು ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಜಾಗ ಕೋರುತ್ತೇನೆ.

1839ರಲ್ಲಿ ಫ್ರಾನ್ಸಿನ ಡಾಗೇರ್‌ನ ಛಾಯಾಚಿತ್ರ ವಿಧಾನ ಪ್ರಕಟವಾದ ಮೇಲೆ, ಅಂಗೈಯಗಲದ ಭಾವಚಿತ್ರಗಳನ್ನು ಬರೆದು ಬದುಕುತ್ತಿದ್ದ ಅನೇಕ ಕಲಾವಿದರ ಕಸುಬು ಕೆಲವೇ ದಶಕಗಳಲ್ಲಿ ಕುಸಿಯಿತು ಎಂಬುದು ನಿಜ. ಇದ್ದುದನ್ನು ಇದ್ದಂತೆ ದಾಖಲಿಸುವ ಹೊಣೆ ಕ್ಯಾಮೆರಾದ ಪಾಲಾಗುತ್ತಿದ್ದಂತೆ, ಚಿತ್ರಕಾರರಲ್ಲಿ ಕೆಲವರು ಕ್ಷಣಕ್ಷಣಕ್ಕೂ ಬದಲಾಗುವ ಬೆಳಕಿನ ಬೆನ್ನು ಹತ್ತಿದರು ಎಂಬುದೂ ನಿಜ. ಅದಕ್ಕೆ ನೆರವಾದದ್ದೂ ಒಂದು ತಾಂತ್ರಿಕ ಉಪಾಯವೇ. ಅಲ್ಲಿಯವರೆಗೆ ಅರೆದು ಕಲಸಿದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿ ಬಣ್ಣ ಹಿಂಡಿದರೆ ಆ ತೂತನ್ನು ಸರಿಯಾಗಿ ಮುಚ್ಚಲಾಗದೆ ಉಳಿದ ಬಣ್ಣ ಒಣಗಿ ಹಾಳಾಗುತ್ತಿತ್ತು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದ ನಂತರ, ಬಣ್ಣಗಳನ್ನು ಜೇಬಿಗಿಳಿಸಿಕೊಂಡು ಹೋಗಿ ಬಯಲಿನಲ್ಲೇ ಕುಳಿತು ಚಿತ್ರ ಬರೆಯುವುದು ಸುಲಭವಾಯಿತು. ಹೀಗೆ ಬೆಳಕಿನ ಬೆನ್ನು ಹತ್ತಿ ಇಂಪ್ರೆಷನಿಸ್ಟರೆನಿಸಿಕೊಂಡ ಮೋನೆ, ರೆನ್ವಾರ್ ಮೊದಲಾದವರು 1874ರಲ್ಲಿ ಪ್ಯಾರಿಸ್‌ನಲ್ಲಿ ಏರ್ಪಡಿಸಿದ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದ ಹಿಂದೆ ಈ ಟ್ಯೂಬುಗಳ ಪಾಲೂ ಇದೆ. ಆ ಪ್ರದರ್ಶನ ನಡೆದದ್ದು ಛಾಯಾಗ್ರಾಹಕ ನಾದಾರ್ ಹಿಂದೆ ಬಳಸುತ್ತಿದ್ದ ಸ್ಟುಡಿಯೋದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು; ಕ್ಯಾಮೆರಾ ಮತ್ತು ಕುಂಚ ಅಷ್ಟರಮಟ್ಟಿಗೆ ನೆರೆಹೊರೆಯವರಾಗಿದ್ದವು.

ಆದರೆ ಕ್ಯಾಮೆರಾಕ್ಕೆ ಬೇಕಾಗಿದ್ದದ್ದು ಬೆಳಕು, ಮಸೂರ ಮತ್ತು ರಾಸಾಯನಿಕ ಲೇಪಿಸಿದ ತಟ್ಟೆ. ಚಿತ್ರಕಾರರು ಅದುವರೆಗೆ ಬರೆದ ಒಂದು ಚಿತ್ರವೂ ಅದರ ಕಚ್ಚಾವಸ್ತುವಾಗಿರಲಿಲ್ಲ. ಅದು ಅವರ ಗಿರಾಕಿಗಳನ್ನು ಕಸಿದುಕೊಂಡಿತೇ ಹೊರತು ಅವರ ಕೃತಿಗಳನ್ನಲ್ಲ. ಇಂದಿನ ಪ್ರಶ್ನೆ ಬೇರೆಯಾಗುವುದು ಇಲ್ಲಿಯೇ.

ತಂತ್ರಜ್ಞಾನ ಕೊಡುತ್ತದೆ, ಕಲೆ ಪಡೆಯುತ್ತದೆ ಎಂದು ನಾವು ರೂಢಿಯಲ್ಲಿ ಭಾವಿಸಿದ್ದೇವೆ. ಇತಿಹಾಸದಲ್ಲಿ ಋಣ ಎರಡೂ ಕಡೆಗಿದೆ. ಫ್ರಾನ್ಸಿನ ಲಿಯಾನ್ ನಗರದ ಜಾಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ, ರೇಷ್ಮೆಯ ಮೇಲೆ ಹೂಬಳ್ಳಿಯ ವಿನ್ಯಾಸವನ್ನು ನಿರ್ದೇಶಿಸುತ್ತಿದ್ದದ್ದು ತೂತು ಕೊರೆದ ರಟ್ಟುಗಳ ಸರಣಿ. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಅದಕ್ಕೆ ಹೊಂದಿಕೊಂಡ ಹಾಸು ನೂಲುಗಳು ಮೇಲೇಳುತ್ತವೆ. ತೂತಿಲ್ಲದಲ್ಲಿ ನೂಲು ಇದ್ದಲ್ಲೇ ಉಳಿಯುತ್ತದೆ. ಹೀಗೆ ಒಂದೊಂದು ಹೊಕ್ಕಿಗೆ, ಅಂದರೆ ಅಡ್ಡನೂಲಿಗೆ, ಒಂದೊಂದು ರಟ್ಟು. 1839ರಲ್ಲಿ ಇದೇ ಬಗೆಯ ಮಗ್ಗದಲ್ಲಿ ಜಾಕಾರ್ಡ್‌ನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯಲು ಸುಮಾರು 24,000 ರಟ್ಟುಗಳು ಬೇಕಾದವು. ಅದರ ಒಂದು ಪ್ರತಿಯನ್ನು ಸಂಪಾದಿಸಿ ಅತಿಥಿಗಳಿಗೆ ತೋರಿಸುತ್ತಿದ್ದ ಇಂಗ್ಲಿಷ್ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್, ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಆದೇಶ ನೀಡಲು ಅದೇ ರಟ್ಟಿನ ಉಪಾಯವನ್ನು ಎರವಲು ಪಡೆದ. ಜಾಕಾರ್ಡ್ ಮಗ್ಗ ಹೂವು ಎಲೆಗಳನ್ನು ನೇಯುವಂತೆ ಈ ಯಂತ್ರ ಬೀಜಗಣಿತದ ವಿನ್ಯಾಸಗಳನ್ನು ನೇಯುತ್ತದೆ ಎಂದು 1843ರಲ್ಲಿ ಇಂಗ್ಲಿಷ್ ಗಣಿತಜ್ಞೆ ಏಡಾ ಲವ್‌ಲೇಸ್ ಬರೆದದ್ದು ಈ ನಂಟನ್ನು ಅರಿತೇ. ಅಂದರೆ, ಇಂದು ಕಲಾವಿದರ ಎದುರಾಳಿಯಾಗಿ ಕಾಣುತ್ತಿರುವ ಕಂಪ್ಯೂಟರಿನ ವಂಶಾವಳಿಯಲ್ಲಿ ನೇಕಾರರ ಹೆಸರೂ ಇದೆ.

ತೂತು ಕೊರೆದ ಇನ್ನೊಂದು ಕಾಗದದ ಕಥೆ ನಮ್ಮ ಈಗಿನ ಚರ್ಚೆಗೆ ಹೆಚ್ಚು ಹತ್ತಿರದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಾನಾಗಿಯೇ ನುಡಿಯುವ ಪಿಯಾನೊಗಳು ಮನೆಮನೆಗೆ ಬಂದವು. ಕಾಲಿನಿಂದ ತಿದಿಯೊತ್ತಿದರೆ ಕಾಗದದ ಸುರುಳಿ ಒಂದು ಹಿತ್ತಾಳೆ ಪಟ್ಟಿಯ ಮೇಲೆ ಸರಿಯುತ್ತಿತ್ತು. ಕಾಗದದ ತೂತು ಪಟ್ಟಿಯ ರಂಧ್ರಕ್ಕೆ ಎದುರಾದೊಡನೆ ಗಾಳಿ ಒಳನುಗ್ಗಿ ಆ ಸ್ವರದ ಸುತ್ತಿಗೆ ತಂತಿಗೆ ಬಡಿಯುತ್ತಿತ್ತು. ಜನಪ್ರಿಯ ಹಾಡುಗಳ ಸುರುಳಿಗಳು ಅಪಾರವಾಗಿ ಮಾರಾಟವಾದರೂ ಅಮೆರಿಕದಲ್ಲಿ ಆ ಹಾಡುಗಳನ್ನು ರಚಿಸಿದವರಿಗೆ ತಯಾರಕರು ಏನನ್ನೂ ಕೊಡಬೇಕಾಗಿರಲಿಲ್ಲ. 1908ರಲ್ಲಿ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟ್ ತಲುಪಿದಾಗ, ಸುರುಳಿಯಲ್ಲಿರುವುದನ್ನು ಮನುಷ್ಯರು ಸಂಗೀತವೆಂದು ಓದಲಾಗದು, ಅದು ಯಂತ್ರದ ಭಾಗ, ಆದ್ದರಿಂದ ಅದು ಸ್ವರಲಿಪಿಯ ಪ್ರತಿಯಲ್ಲ ಎಂದು ನ್ಯಾಯಾಲಯ ತಯಾರಕರ ಪರ ತೀರ್ಪು ಕೊಟ್ಟಿತು. ಅಂದಿನ ಕಾನೂನಿನ ಅಕ್ಷರಕ್ಕೆ ಅದು ಸರಿಯೇ ಇದ್ದಿರಬಹುದು. ಆದರೆ ಮರುವರ್ಷವೇ, 1909ರಲ್ಲಿ, ಅಮೆರಿಕದ ಸಂಸತ್ತು ಕಾಯ್ದೆಯನ್ನು ತಿದ್ದಿ, ಪ್ರತಿ ಸುರುಳಿಗೆ, ಪ್ರತಿ ಧ್ವನಿಮುದ್ರಿಕೆಗೆ ರಚನಕಾರರಿಗೆ ಎರಡು ಸೆಂಟ್ ಸಲ್ಲಬೇಕೆಂದು ವಿಧಿಸಿತು. ಯಂತ್ರವನ್ನು ನಿಷೇಧಿಸಲಿಲ್ಲ, ಕಲಾವಿದರನ್ನು ಕೈಬಿಡಲೂ ಇಲ್ಲ.

ಆ ಕಾಲದ ಪ್ರಸಿದ್ಧ ಬ್ಯಾಂಡ್ ಸಂಗೀತ ರಚನಕಾರ ಜಾನ್ ಫಿಲಿಪ್ ಸೂಸಾ, ಯಾಂತ್ರಿಕ ಸಂಗೀತದಿಂದಾಗಿ ಜನ ಹಾಡುವುದನ್ನೂ ವಾದ್ಯ ಕಲಿಯುವುದನ್ನೂ ಬಿಟ್ಟುಬಿಡುತ್ತಾರೆಂದು 1906ರಲ್ಲಿ ಎಚ್ಚರಿಸಿದ್ದರು. ಜನ ಹಾಡುವುದನ್ನು ಬಿಡಲಿಲ್ಲ. ಆದರೆ ರಚನಕಾರರ ಸಂಭಾವನೆಯ ಬಗ್ಗೆ ಅವರು ಎತ್ತಿದ ತಕರಾರು ನ್ಯಾಯವಾದದ್ದೇ ಆಗಿತ್ತು. ಕಲಾವಿದರ ಭಯವನ್ನೂ ಅವರ ಹಕ್ಕನ್ನೂ ಬೇರೆಬೇರೆಯಾಗಿ ತೂಗಬೇಕೆಂದು ನಾನು ಹೇಳುವುದು ಇದಕ್ಕೇ. ಭಯ ಉತ್ಪ್ರೇಕ್ಷೆಯದಾಗಿತ್ತೆಂದ ಮಾತ್ರಕ್ಕೆ ಹಕ್ಕು ಸುಳ್ಳಾಗುವುದಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. ವಿಡಿಯೋ ಗೇಮ್‌ಗಳ ಮೂರು ಆಯಾಮದ ದೃಶ್ಯಗಳನ್ನು ಪರದೆಯ ಮೇಲೆ ವೇಗವಾಗಿ ಮೂಡಿಸಲು, ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವ ಗ್ರಾಫಿಕ್ಸ್ ಚಿಪ್‌ಗಳು ಬೆಳೆದವು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಚಿತ್ರಗಳನ್ನು ಗುರುತಿಸುವ ನರಜಾಲವೊಂದನ್ನು (ಮೆದುಳಿನ ನರಕೋಶಗಳ ಜೋಡಣೆಯ ಮಾದರಿಯಲ್ಲಿ ರೂಪಿಸಿದ, ಉದಾಹರಣೆಗಳಿಂದ ಕಲಿಯುವ ತಂತ್ರಾಂಶವನ್ನು) ತರಬೇತುಗೊಳಿಸಿದ್ದು ಇಂಥ ಎರಡು ಗೇಮಿಂಗ್ ಕಾರ್ಡ್‌ಗಳ ಮೇಲೆಯೇ. ಇಂದಿನ ಕೃತಕ ಬುದ್ಧಿಮತ್ತೆಯ ಓಟಕ್ಕೆ ವೇಗ ಸಿಕ್ಕಿದ್ದು ಅಲ್ಲಿಂದ. ದೃಶ್ಯಕಲೆಯ ಹಸಿವಿಗಾಗಿ ಹುಟ್ಟಿದ ಯಂತ್ರಾಂಶವೇ ಹತ್ತು ವರ್ಷಗಳ ನಂತರ ಚಿತ್ರಗಳನ್ನು ತಾನೇ ತಯಾರಿಸತೊಡಗಿತು. 2022ರಲ್ಲಿ, ಮಾತಿನ ವಿವರಣೆಯಿಂದ ಚಿತ್ರ ತಯಾರಿಸುವ ಸ್ಟೇಬಲ್ ಡಿಫ್ಯೂಷನ್ ಎಂಬ ತಂತ್ರಾಂಶ ಬಿಡುಗಡೆಯಾದಾಗ ಅದರ ತರಬೇತಿಗೆ ಬಳಕೆಯಾದದ್ದು ಲಯನ್ ಎಂಬ ಸಂಗ್ರಹದ ಭಾಗಗಳು. ಅಂತರ್ಜಾಲದಿಂದ ಬಾಚಿಕೊಂಡ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳೂ ವಿವರಣೆಗಳೂ ಆ ಸಂಗ್ರಹದಲ್ಲಿದ್ದವು. ಅವುಗಳಲ್ಲಿ ವೃತ್ತಿನಿರತ ಚಿತ್ರಕಾರರ, ಛಾಯಾಗ್ರಾಹಕರ ಕೃತಿಗಳೂ ಇದ್ದವು. ಅವರನ್ನು ಯಾರೂ ಕೇಳಲಿಲ್ಲ. ಬಳಕೆದಾರರು ಕಲಾವಿದರೊಬ್ಬರ ಹೆಸರನ್ನು ಟೈಪ್ ಮಾಡಿ ಅವರ ಶೈಲಿಯಲ್ಲೇ ಚಿತ್ರ ಪಡೆಯಬಹುದಾಗಿತ್ತು, ಅದರಿಂದ ಆ ಕಲಾವಿದರಿಗೆ ಚಿಕ್ಕಾಸೂ ಸೇರುತ್ತಿರಲಿಲ್ಲ. ಹೀಗಿರುವಾಗ ಇದನ್ನು ಹೋಲಿಸಬೇಕಾದುದು ಪಿಯಾನೊ ಸುರುಳಿಗೆ.

ಮನುಷ್ಯರೂ ಹಿರಿಯರ ಕೃತಿಗಳನ್ನು ನೋಡಿಯೇ ಕಲಿಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಗಂಭೀರವಾದ ಪ್ರಶ್ನೆ. ಆದರೆ ಗುರುವಿನ ಚಿತ್ರ ನೋಡಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಶಿಷ್ಯ ಒಬ್ಬನೇ, ಅವನ ಎರಡು ಕೈಗಳ ದುಡಿಮೆಗೆ ಒಂದು ಮಿತಿಯಿದೆ, ತಾನು ಯಾರಿಂದ ಕಲಿತೆ ಎಂದು ಹೇಳಿಕೊಳ್ಳುವುದು ಅವನಿಗೆ ಹೆಮ್ಮೆಯ ಸಂಗತಿ. ಕಂಪನಿಯೊಂದು ಕೋಟ್ಯಂತರ ಕೃತಿಗಳನ್ನು ಒಟ್ಟಿಗೆ ಅರೆದು, ಮೂಲವನ್ನು ಮರೆಮಾಚಿ, ಫಲವನ್ನು ಚಂದಾ ಹಣಕ್ಕೆ ಮಾರುವುದು ಅದೇ ಬಗೆಯ ಕಲಿಕೆಯೆಂದು ಒಪ್ಪಲು ನನ್ನಿಂದಾಗದು. ಒಂದು ಸುರುಳಿಯಲ್ಲಿ ಒಂದು ಹಾಡು ಮಾತ್ರ ಇರುತ್ತಿದ್ದುದರಿಂದ ಯಾರಿಗೆ ಹಣ ಸಲ್ಲಬೇಕೆಂಬುದು ಸ್ಪಷ್ಟವಾಗಿತ್ತು, ಈಗ ಹಾಗಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಲೆಕ್ಕ ಕಷ್ಟವಾದರೆ ಲೆಕ್ಕದ ವಿಧಾನವನ್ನು ಹುಡುಕಬೇಕು. ಕನಿಷ್ಠಪಕ್ಷ, ಯಾರ ಕೃತಿಗಳಿಂದ ತರಬೇತಿ ನಡೆಯಿತೆಂಬ ಪಟ್ಟಿ ಬಹಿರಂಗವಾಗಬೇಕು, ಬೇಡವೆಂದವರ ಕೃತಿಗಳನ್ನು ಕೈಬಿಡಬೇಕು.

ಈ ಸಾಧನಗಳನ್ನು ಬಳಸುವ ಕಲಾವಿದರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಟ್ಯೂಬಿನ ಬಣ್ಣದಿಂದ ಹೊಸ ಕಲೆ ಹುಟ್ಟಿದಂತೆ ಇವುಗಳಿಂದಲೂ ಹುಟ್ಟೀತು, ಹುಟ್ಟಲಿ ಎಂಬುದೇ ನನ್ನ ಹಾರೈಕೆ. ಕಾಯ್ದೆ ಬರುವ ತನಕ ಪತ್ರಿಕೆಗಳೂ ತಮ್ಮ ಪಾಲಿನ ಕೆಲಸ ಮಾಡಬಹುದು. ಪ್ರಕಟವಾಗುವ ಪ್ರತಿ ರೇಖಾಚಿತ್ರದ ಕೆಳಗೆ ಅದನ್ನು ಬರೆದವರ ಹೆಸರನ್ನೂ, ತಂತ್ರಾಂಶದಿಂದ ತಯಾರಾದ ಚಿತ್ರವಾದರೆ ಆ ಸಂಗತಿಯನ್ನೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂದು ಕೋರುತ್ತೇನೆ. ಈ ಕ್ರಮವನ್ನು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಿಂದಲೇ ಆರಂಭಿಸಬಹುದು.

ಇಂತಿ,
ತಮ್ಮ ಪತ್ರಿಕೆಯ ಓದುಗ