ಉದ್ರಿ, ಗಲ್ಲಾ ಮತ್ತು ಮನೆಖರ್ಚು: ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಕಳೆದ ವಾರ ಅಂಗಡಿಕಾರರ ಈ ಗುಂಪಿನಲ್ಲಿ ಉದ್ರಿ ವಸೂಲಿಯ ಬಗ್ಗೆ ನಡೆದ ಮಾತುಕತೆ ತುಸು ಬಿಸಿಯಾದುದರಿಂದ, ಅಂಗಡಿಗೂ ಮನೆಗೂ ಸಮಾನವಾಗಿ ಒಪ್ಪುವ ಕೆಲವು ನಿಯಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಟ್ಟದ್ದನ್ನೂ ಪಡೆದದ್ದನ್ನೂ ಅಂದೇ ಬರೆದಿಡಬೇಕು. ಪರಿಚಯದವರೆಂಬ ದಾಕ್ಷಿಣ್ಯಕ್ಕೆ ಬರೆಯದೆ ಬಿಟ್ಟ ಲೆಕ್ಕವೇ ಮುಂದೆ ಸಂಬಂಧವನ್ನು ಕೆಡಿಸುವುದನ್ನು ಬಹಳ ಸಲ ಕಂಡಿದ್ದೇನೆ. 1963ರ ಕಾಲಮಿತಿ ಕಾಯ್ದೆಯಂತೆ, ಮಾರಿದ ಸರಕಿನ ಬಾಕಿಗಾಗಿ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಅವಧಿಯಿದ್ದು, ಅದು ಮುಗಿಯುವ ಮೊದಲೇ ಬಾಕಿದಾರರು ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಮಾಡಿಕೊಟ್ಟರೆ ಆ ದಿನದಿಂದ ಹೊಸದಾಗಿ ಎಣಿಕೆ ಆರಂಭವಾಗುತ್ತದೆ. ಆದ್ದರಿಂದ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಖಾತೆ ಪುಸ್ತಕ ತೆರೆಯುವ ಹೊತ್ತಿಗೆ ವರ್ಷಕ್ಕೊಮ್ಮೆ ಸಹಿ ಪಡೆಯುವುದು ಒಳಿತು. ಸಹಿ ಕೇಳಲು ಸಂಕೋಚಪಡುವವರು ಉದ್ರಿ ಕೊಡದಿರುವುದೇ ಲೇಸು.

ಗಲ್ಲಾಪೆಟ್ಟಿಗೆಯಿಂದ ಮನೆಖರ್ಚಿಗೆ ತೆಗೆದ ಹಣವನ್ನೂ ಬರೆಯಬೇಕು; ಈ ವಿಷಯದಲ್ಲಿ ನಾನೂ ತಪ್ಪಿತಸ್ಥನೇ.

ಇನ್ನು ಸರಕಿನ ವಿಚಾರ. 12ನೇ ಶತಮಾನದ ಕಲ್ಯಾಣದಲ್ಲಿ, ಬಿದ್ದ ಅಕ್ಕಿ ಆಯ್ದು ತರುವ ಕಾಯಕದ ಶರಣ ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ಸಗಟು ರಿಯಾಯಿತಿಯ ಆಸೆಗೆ ಬಡ್ಡಿಸಾಲ ಮಾಡಿ ಗೋದಾಮು ತುಂಬಿಸುವ ಮುನ್ನ ಅದು ನೆನಪಾದರೆ ಸಾಕು.

ಬಾಕಿದಾರರ ಹೆಸರು, ದೂರವಾಣಿ ಸಂಖ್ಯೆ ಹಾಗೂ ಭಾವಚಿತ್ರಗಳನ್ನು ದಯವಿಟ್ಟು ಈ ಗುಂಪಿನಲ್ಲಿ ಹಾಕಬಾರದು. ಹಾಕಿದ್ದವರು ಇಂದೇ ಅಳಿಸಬೇಕಾಗಿ ವಿನಂತಿ.