ಬೆಳಿಗ್ಗೆಗೆ ಹೋಗಿರುತ್ತೆ ಅಂದೆಯಲ್ಲ

ಪ್ರೀತಿಯ ಪುಟ್ಟನಿಗೆ,

ನಿನ್ನ ಪತ್ರ ಶುಕ್ರವಾರ ಸಿಕ್ಕಿತು. ಅಮ್ಮನ ಮಂಡಿನೋವು, ತೋಟದ ಭಾಗದ ಮಾತು, ಅದಕ್ಕೆಲ್ಲ ನಿನ್ನ ದೊಡ್ಡಮ್ಮ ಬೇರೆಯಾಗಿ ಬರೆಯುತ್ತಾಳೆ. ನಾನು ಒಂದೇ ಸಾಲಿಗೆ ಉತ್ತರ ಬರೆಯಲು ಕೂತಿದ್ದೇನೆ. ಕೊನೆಯಲ್ಲಿ, ಕಾಗದದಲ್ಲಿ ಜಾಗ ಉಳಿಯಿತು ಅನ್ನುವ ಹಾಗೆ ಬರೆದಿದ್ದೀಯಲ್ಲ: ತೋಟದ ನೆರಳಿನ ಮರ ಸವರುವ ಮರಗಸಿ ಶುರುವಾದ ಮೇಲೆ ರಾತ್ರಿ ಮಲಗಿದಾಗ ಕಿವಿಯಲ್ಲಿ ಕುಯ್ ಅಂತ ಇರುತ್ತೆ, ಬೆಳಿಗ್ಗೆಗೆ ಹೋಗಿರುತ್ತೆ, ಕಿವಿ ಮುಚ್ಚುವ ಮಫ್ ತಗೊಳ್ಳಲಾ, ಕಿವಿಯೊಳಗೆ ಇಡುವ ಪ್ಲಗ್ ತಗೊಳ್ಳಲಾ ಅಂತ.

ಆ ಸಾಲು ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನನಗೂ ಬೆಳಿಗ್ಗೆಗೆ ಹೋಗಿರುತ್ತಿತ್ತು ಪುಟ್ಟ. ಅದೇ ಮಾತು. ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಕಿವಿ ತಿಳಿಯಾಗುತ್ತಿತ್ತು, ನಾನು ಮರ ಕೊಯ್ಯುವ ಮೆಷಿನ್‌ಗೆ ಪೆಟ್ರೋಲ್ ಹಾಕುತ್ತಿದ್ದೆ.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ಬೆಲೆ ಬಂತಲ್ಲ, ಆ ದುಡ್ಡಿನಲ್ಲಿ ತಗೊಂಡ ಮೆಷಿನ್ ಅದು. ಸುತ್ತಮುತ್ತ ಯಾರ ಹತ್ತಿರವೂ ಇರಲಿಲ್ಲ. ಇಬ್ಬರು ಗರಗಸ ಎಳೆದರೆ ಒಂದು ದಿನ ಹಿಡಿಯುತ್ತಿದ್ದ ಕೆಲಸ ಅರ್ಧ ಗಂಟೆಗೆ ಮುಗಿಯುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಹೆಮ್ಮೆ. ಗುಡ್ಡದ ಆಚೆಯವರು ಕೇಳಿ, ಓ, ಅವರ ತೋಟದಲ್ಲಿ ಮೆಷಿನ್ ಓಡುತ್ತಿದೆ ಅನ್ನುತ್ತಿದ್ದರು. ಆ ಸದ್ದಿಗೆ ಹತ್ತಿರ ಇದ್ದವನು ನಾನೇ ಅಂತ ಹೊಳೆಯಲೇ ಇಲ್ಲ.

ಕಿವಿ ತೋರಿಸಲು ಮೈಸೂರಿಗೆ ಹೋಗಿ ಬಂದ ಕಥೆ ನಿನಗೆ ಗೊತ್ತು. ಆದರೆ ಅಲ್ಲಿ ಕೇಳಿದ್ದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಕಿವಿಯ ಒಳಗೆ, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಜಾಗದಲ್ಲಿ, ಸದ್ದು ಹಿಡಿಯುವ ಕೂದಲಿನಂಥ ಕಣಗಳಿವೆಯಂತೆ. ಒಂದು ಕಿವಿಗೆ ಸುಮಾರು 15,000. ಹುಟ್ಟುವಾಗ ಎಷ್ಟು ಬಂದವೋ ಅಷ್ಟೇ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ದೊಡ್ಡ ಸದ್ದಿಗೆ ಅವು ಬಾಗುತ್ತವೆ. ತೋಟದಲ್ಲಿ ಹುಲ್ಲಿನ ಮೇಲೆ ಒಮ್ಮೆ ನಡೆದರೆ ಬೆಳಿಗ್ಗೆಗೆ ಎದ್ದು ನಿಲ್ಲುತ್ತದೆ, ಅಲ್ವಾ? ದಿನಾ ಅಲ್ಲೇ ನಡೆದರೆ ಕಾಲುದಾರಿ ಬೀಳುತ್ತದೆ. ನಿನ್ನ ಕುಯ್ ಅನ್ನುವುದು ಹುಲ್ಲು ಬಾಗಿದ ಸದ್ದು. ಬೆಳಿಗ್ಗೆ ಅದು ನಿಂತಾಗ ಎಲ್ಲ ಕೂದಲೂ ಎದ್ದಿತು ಅಂತ ತಿಳಿಯಬೇಡ. ಒಂದಿಷ್ಟು ಏಳದೆ ಉಳಿದರೂ ನಿನಗೆ ಗೊತ್ತಾಗುವುದಿಲ್ಲ. ನನಗೆ ಹದಿನಾಲ್ಕು ವರ್ಷ ಗೊತ್ತಾಗಲಿಲ್ಲ.

ಈಗ ನನ್ನ ಕಿವಿಯಲ್ಲಿ ವರ್ಷವಿಡೀ ಜೀರುಂಡೆ. ಹೊರಗೂ ಕೂಗುತ್ತಿವೆ ಅಂತ ದೊಡ್ಡಮ್ಮ ಹೇಳುತ್ತಾಳೆ, ಕಾಲ ಅವುಗಳದ್ದೇ ತಾನೇ. ಯಾವುದು ಹೊರಗಿನದು, ಯಾವುದು ನನ್ನದು, ನನಗೆ ತಿಳಿಯುವುದಿಲ್ಲ.

ಮೊದಲು ಹೋಗುವುದು ಕೀಚಲು ಸದ್ದುಗಳು. ಪರೀಕ್ಷೆಯ ಕಾಗದದಲ್ಲಿ 4000 ಹರ್ಟ್ಸ್ ಅನ್ನುವ ಕಡೆ ಗೆರೆ ಹೊಂಡಕ್ಕೆ ಬಿದ್ದಿತ್ತು. ಮಾತು ಕೇಳುತ್ತದೆ, ಆದರೆ ಮಾತಿನ ಒಳಗಿನ ಸ, ಶ, ಚ ಉದುರಿಹೋಗಿರುತ್ತವೆ. ನಮ್ಮ ಪಾಪು ಒಂದು ಸಂಜೆ ಬಂದು "ತಾತಾ, ಹಸಿವು" ಅಂದಳಂತೆ. ನನಗೆ ಕೇಳಿದ್ದು ಹಾವು. ನಾನು ದೊಣ್ಣೆ ಹಿಡಿದು ಎದ್ದೆ. ಮಗು ಹೆದರಿ ಅತ್ತುಬಿಟ್ಟಿತು. ಅದಾದ ಮೇಲೆ ಏನು ಬೇಕಾದರೂ ಅಜ್ಜಿಯನ್ನೇ ಕೇಳುತ್ತದೆ.

ಇಷ್ಟೆಲ್ಲ ಬರೆದು ನಿನ್ನನ್ನು ಹೆದರಿಸುತ್ತಿದ್ದೇನೇನೋ. ನೀನು ಕೇಳಿದ್ದು ಮಫ್ಫೋ ಪ್ಲಗ್ಗೋ ಅಂತ ಮಾತ್ರ. ಹೇಳುತ್ತೇನೆ, ನನಗೆ ತಿಳಿದಷ್ಟು.

ನಿನಗೆ ಮಫ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಹೆಲ್ಮೆಟ್‌ಗೇ ಕೂತಿರುವಂಥದ್ದು. ಪ್ಲಗ್ ಕೆಟ್ಟದ್ದಲ್ಲ. ಆದರೆ ಫೋಮ್ ಪ್ಲಗ್ ಅನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಅದೂ ತೊಳೆದ ಕೈಯಲ್ಲಿ. ಚೈನ್ ಆಯಿಲ್, ಮರದ ಹುಡಿ ಮೆತ್ತಿದ ಕೈಯಲ್ಲಿ ದಿನಕ್ಕೆ ಹತ್ತು ಸಲ ತೆಗೆದು ಹಾಕುವುದು ಆಗದ ಮಾತು. ನಮ್ಮ ಮಳೆಗಾಲದಲ್ಲಿ ಕಿವಿಗೆ ಬೂಸ್ಟು ಬೇರೆ ಹಿಡಿಯುತ್ತದೆ. ಮಫ್ ಆದರೆ ಕೆಳಗೆ ಎಳೆದರೆ ಮುಗಿಯಿತು.

ಆದರೆ ತಲೆಗೆ ಟವೆಲ್ ಸುತ್ತಿ ಅದರ ಮೇಲೆ ಮಫ್ ಹಾಕಬೇಡ. ನಮ್ಮವರೆಲ್ಲ ಹಾಗೇ ಮಾಡುತ್ತಾರೆ. ಮಫ್ಫಿನ ಚಿಪ್ಪಿನ ಮೆತ್ತೆ ಚರ್ಮಕ್ಕೇ ಒತ್ತಿ ಕೂರಬೇಕು. ನಿನ್ನ ಕನ್ನಡಕದ ಕಡ್ಡಿ ದಪ್ಪ ಇದೆ, ಅಲ್ಲೂ ಸಂದಿ ಬೀಳುತ್ತದೆ. ಆಗುವುದಾದರೆ ತೆಳು ಕಡ್ಡಿಯದ್ದು ಮಾಡಿಸಿಕೋ. ಬೆವರಿಗೆ ಮೆತ್ತೆ ಗಟ್ಟಿಯಾದರೆ ಬದಲಾಯಿಸು. ಮೆತ್ತೆ ಮಾತ್ರ ಬೇರೆಯಾಗಿ ಸಿಗುತ್ತದೆ. ಬರೇ ಹಾಡು ಕೇಳುವ ಇಯರ್‌ಫೋನ್ ಸಿಕ್ಕಿಸಿಕೊಂಡು ಮೆಷಿನ್ ಹಿಡಿಯುವ ಹುಡುಗರನ್ನು ನೋಡಿದ್ದೇನೆ. ಅದು ರಕ್ಷಣೆ ಅಲ್ಲ, ಸದ್ದಿನ ಮೇಲೆ ಸದ್ದು.

ಡಬ್ಬಿಯ ಮೇಲೆ ಎನ್‌ಆರ್‌ಆರ್ ಅಂತ, ಎಷ್ಟು ಡೆಸಿಬಲ್ ಸದ್ದು ತಡೆಯುತ್ತದೆ ಅನ್ನುವ ಒಂದು ಸಂಖ್ಯೆ ಇರುತ್ತದೆ. ಅದನ್ನು ಪೂರ್ತಿ ನಂಬಬೇಡ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ 1998ರಲ್ಲಿ ಕೊಟ್ಟ ಲೆಕ್ಕದಲ್ಲಿ ಮಫ್‌ಗಾದರೆ ಅದರಲ್ಲಿ ಕಾಲು ಭಾಗ ಕಳೆಯಬೇಕು, ಫೋಮ್ ಪ್ಲಗ್‌ಗಾದರೆ ಅರ್ಧ. ಮೆಷಿನ್ ಜೋರಾಗಿ ಕೊಯ್ಯುವಾಗ ನಿನ್ನ ಕಿವಿಯ ಹತ್ತಿರ 105ರಿಂದ 115 ಡೆಸಿಬಲ್. ಆ ಸಂಸ್ಥೆಯವರ ಪ್ರಕಾರ ದಿನಕ್ಕೆ 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬರುವಾಗ 15 ನಿಮಿಷ. 109ಕ್ಕೆ ಎರಡು ನಿಮಿಷವೂ ಇಲ್ಲ. ನೀನು ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತೀ? ನಾನು ಐದು ಗಂಟೆ ಹಿಡಿಯುತ್ತಿದ್ದೆ, ಬರಿಗಿವಿಯಲ್ಲಿ.

ಬರಿಗಿವಿ ಅಂದರೆ ಸುಳ್ಳಾಗುತ್ತದೆ. ಹತ್ತಿ ಇಡುತ್ತಿದ್ದೆ. ಹತ್ತಿ ಇಟ್ಟರೆ ಏನೋ ಮಾಡಿದ ಸಮಾಧಾನ, ಸದ್ದು ಮಾತ್ರ ಹೆಚ್ಚುಕಡಿಮೆ ಹಾಗೇ ಒಳಗೆ ಹೋಗುತ್ತದೆ.

ಅದು ನನ್ನ ಕಿವಿಗೆ ಮಾತ್ರ ಆಗಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ನನ್ನ ಜೊತೆ ಹಗ್ಗ ಹಿಡಿಯುತ್ತಿದ್ದ ಹುಡುಗ ನಿನಗೆ ನೆನಪಿರಬಹುದು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದನಲ್ಲ. ಅವನಿಗೆ ಆಗ ಹದಿನೇಳೋ ಹದಿನೆಂಟೋ. ಒಂದು ದಿನ ಬಂದು, ಅಯ್ಯಾ, ರಾತ್ರಿ ಕಿವಿಯಲ್ಲಿ ಕುಯ್ ಅನ್ನುತ್ತೆ ಅಂದ. ನಾನು ಅಂಗಿಯ ಜೇಬಿಂದ ಹತ್ತಿ ಕಿತ್ತು ಕೊಟ್ಟೆ. ಇಟ್ಕೋ, ಬೆಳಿಗ್ಗೆಗೆ ಹೋಗುತ್ತೆ ಅಂದೆ. ನಾನೇ ಅಂದೆ ಪುಟ್ಟ. ಆಮೇಲೆ ಮೆಷಿನ್ ಅವನ ಕೈಗೇ ಕೊಟ್ಟೆ.

ಹೋದ ವರ್ಷ ಮಗಳ ಮದುವೆಗೆ ಕರೆಯಲು ಬಂದಿದ್ದ. ಅವನದು ನನಗಿಂತ ಹೆಚ್ಚು ಹೋಗಿದೆ. ಜಗಲಿಯಲ್ಲಿ ಇಬ್ಬರೂ ಕೂತೆವು. ಅವನಲ್ಲಿ ಒಂದು ಮಾತು ಕೇಳಿಕೊಳ್ಳಬೇಕು ಅಂತ ನನಗೆ ಎಷ್ಟೋ ವರ್ಷದಿಂದ ಇತ್ತು. ಆದರೆ ಅದನ್ನು ಕಿರುಚಿ ಕೇಳಬೇಕಿತ್ತು. ಒಳಗೆ ಅವನ ಹೆಂಡತಿ, ದೊಡ್ಡಮ್ಮ, ಎಲ್ಲರೂ ಇದ್ದರು. ನನ್ನಿಂದ ಆಗಲಿಲ್ಲ. ಕಾಫಿ ಕುಡಿದು ಎದ್ದುಹೋದ.

ಎಲ್ಲೋ ಹೋದೆ. ನಿಮ್ಮ ಮೇಸ್ತ್ರಿ, ಕಿವಿ ಮುಚ್ಚಿದರೆ ಮರ ಲಟಕ್ ಅನ್ನುವುದು ಕೇಳುವುದಿಲ್ಲ ಅನ್ನುತ್ತಾರಂತೆ. ನಾವೂ ಹಾಗೇ ಅನ್ನುತ್ತಿದ್ದೆವು. ಆದರೆ ಮೆಷಿನ್ ಪೂರ್ತಿ ಓಡುವಾಗ ತೆರೆದ ಕಿವಿಗೂ ಅದು ಕೇಳುವುದಿಲ್ಲ. ಮಫ್ ಎರಡೂ ಸದ್ದನ್ನು ಇಳಿಸುತ್ತದೆ, ಒಂದನ್ನೇ ಅಲ್ಲ. ನನ್ನ ಹಾಗೆ ಕಿವಿ ಹೋದವನಿಗೆ ತೊಂದರೆ, ನಿನಗೆ ಅಲ್ಲ. ಮರವನ್ನು ಕಣ್ಣಲ್ಲಿ ಕಾಯಬೇಕು. ಕೊಯ್ದ ಸಂದಿ ಬಾಯಿ ಬಿಡುವುದನ್ನು ನೋಡು, ತುದಿ ನೋಡು. ಓಡುವ ದಾರಿಯ ಗಿಡಗಂಟಿ ಮೊದಲೇ ಸವರಿಡು. ಜೊತೆಗಾರ ಎರಡು ಮರದುದ್ದ ದೂರ ಇರಲಿ, ಕೂಗುವ ಬದಲು ಕೈಸನ್ನೆ ಮಾಡಲಿ. ಅವನಿಗೂ ಒಂದು ಮಫ್ ತೆಗೆದುಕೋ. ದುಡ್ಡು ಕಳಿಸಿದ್ದೇನೆ, ಎರಡಕ್ಕೆ ಸಾಕಾಗಬಹುದು. ಬೇಸರ ಮಾಡಬೇಡ.

ಇನ್ನೊಂದು. ಹಾಕಿದ ಮೇಲೆ ತೆಗೆಯಬೇಡ, ಮೆಷಿನ್ ಓಡುವಾಗ. ಎಂಟು ಗಂಟೆಯ ಸದ್ದಿನಲ್ಲಿ ಅರ್ಧ ಗಂಟೆ ತೆಗೆದರೂ, 30 ಡೆಸಿಬಲ್ ತಡೆಯುವ ಮಫ್ 12 ತಡೆದ ಲೆಕ್ಕಕ್ಕೆ ಇಳಿದುಬಿಡುತ್ತದೆ. ದೊಡ್ಡ ಮರ ಕೊಯ್ಯುವ ದಿನ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕಬಹುದು. ಎರಡರ ಸಂಖ್ಯೆ ಕೂಡುವುದಿಲ್ಲ, ಸುಮಾರು 5 ಡೆಸಿಬಲ್ ಜಾಸ್ತಿ ಸಿಗುತ್ತದೆ ಅಷ್ಟೇ.

ಮೈಸೂರಿಗೂ ಒಮ್ಮೆ ಹೋಗಿ ಬಾ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲೇ ಶುರುವಾದದ್ದು. ನಾನು ಹೋಗಿದ್ದು ಎಲ್ಲ ಮುಗಿದ ಮೇಲೆ. ನೀನು ಎರಡು ದಿನ ಮೆಷಿನ್ ಮುಟ್ಟದೆ ಹೋಗು, ಆಗ ಕಿವಿಯ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಗೆರೆ ನೇರ ಇದ್ದರೆ ಆ ಕಾಗದವನ್ನು ನನಗೆ ತಂದು ತೋರಿಸು. ನನಗೆ ನೋಡಬೇಕು.

ಮಫ್ ಬರುವ ತನಕ ಮೆಷಿನ್ ಮುಟ್ಟಬೇಡ ಅಂದರೆ ಕೇಳುತ್ತೀಯಾ? ಮಳೆ ಹತ್ತಿರ ಬಂತು, ಸಾಹುಕಾರರು ಅವಸರ ಮಾಡುತ್ತಾರೆ, ಗೊತ್ತು. ಆದರೂ ಕೇಳುತ್ತಿದ್ದೇನೆ. ಫೋನ್ ಮಾಡಬೇಡ, ನನಗೆ ತಿಳಿಯುವುದಿಲ್ಲ. ಬರೆದು ಹಾಕು. ಈ ಪತ್ರ ಕೈಗೆ ಬಂದ ರಾತ್ರಿ ದೀಪ ಆರಿಸಿ ಮಲಗಿ ಕೇಳಿಸಿಕೋ, ಕುಯ್ ಇದೆಯೋ ಇಲ್ಲವೋ ಅಂತ. ಅದೊಂದನ್ನು ಬರೆ.

ನಿನ್ನ
ದೊಡ್ಡಪ್ಪ